ನಾಲ್ಕು ನಿಮಿಷದ ಪರದೆಗಳು

ಬನಶಂಕರಿ ಸಿಗ್ನಲ್ಲಿನಲ್ಲಿ ಸ್ಕೂಟರು ನಿಲ್ಲಿಸಿಕೊಂಡು ಅಲಮೇಲು ಹೆಲ್ಮೆಟ್ಟಿನೊಳಗೆ ನಗುತ್ತಿದ್ದಳು. ನಲವತ್ತೇಳು ವರ್ಷದ ಹೆಂಗಸು, ಹನುಮಂತನಗರದ ಮನೆಯಲ್ಲಿ ಕುಕ್ಕರ್ ಇಳಿಸಿ, ಗಂಡನ ಡಬ್ಬಿ ಕಟ್ಟಿ, ಜೆಪಿ ನಗರದ ಡಿಸೈನ್ ಆಫೀಸಿಗೆ ಹೊರಟವಳು ಹೀಗೆ ನಡುರಸ್ತೆಯಲ್ಲಿ ಒಬ್ಬಳೇ ನಗಬಾರದೆಂದು ಅವಳಿಗೂ ಗೊತ್ತಿತ್ತು. ಏನು ಮಾಡುವುದು, ಬೆಳಿಗ್ಗೆಯಿಂದ ಹೊಟ್ಟೆಯೊಳಗೆ ಗೋಲಿ ಸೋಡಾ ಒಡೆದ ಹಾಗೆ ಆಗುತ್ತಿತ್ತು. ತಿಂಡಿ ಸೇರಿರಲಿಲ್ಲ, ಕಾಲು ನೆಲಕ್ಕೆ ತಾಗಿದಂತೆಯೇ ಇರಲಿಲ್ಲ. ಅದು ಹೆದರಿಕೆ ಎಂದು ತಲೆ ಹೇಳುತ್ತಿತ್ತು, ಮೈ ಮಾತ್ರ ಮದುವೆಮನೆಗೆ ಹೊರಟ ಹುಡುಗಿಯ ಹಾಗೆ ಕುಣಿಯುತ್ತಿತ್ತು. ಪಕ್ಕದ ಆಟೋದವನು ಕತ್ತು ಹೊರಗೆ ಹಾಕಿ, "ಏನ್ ಮೇಡಂ, ಲಾಟ್ರಿ ಹೊಡೀತಾ?" ಎಂದ. "ಇಲ್ಲಪ್ಪ, ಇವತ್ತು ಸಿಕ್ಕಾಕ್ಕೊಳ್ತೀನಿ" ಎಂದಳು ಅಲಮೇಲು. ಅವನು ಗಾಬರಿಯಿಂದ ಅತ್ತಿತ್ತ ನೋಡಿ, "ಪೊಲೀಸ್ನೋರು ಆ ಕಡೆ ನಿಂತಿದಾರೆ, ನೀವು ಸುಮ್ನೆ ಎಡಕ್ಕೆ ಹೋಗ್ಬಿಡಿ" ಎಂದು ದಾರಿ ತೋರಿಸಿದ. ಅವಳಿಗೆ ಇನ್ನಷ್ಟು ನಗು ಬಂತು.

ವಿಷಯ ಇಷ್ಟೇ. ಹನ್ನೊಂದೂವರೆಗೆ ಗುಂಡಣ್ಣನವರು ಬರುತ್ತಾರೆ. ನಾಲ್ಕು ಕಾಂಡಿಮೆಂಟ್ಸ್ ಅಂಗಡಿ ಇಟ್ಟಿರುವ, ಎಪ್ಪತ್ತು ದಾಟಿದ ಮನುಷ್ಯ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟನ್ನು ಜನ ಮೊಬೈಲಿನಲ್ಲೇ ತರಿಸಿಕೊಳ್ಳಲು ಅವರಿಗೊಂದು ಆಪ್ ಬೇಕಾಗಿದೆ. ಆ ಆಪಿನ ಮೊದಲ ಮೂರು ಪರದೆಗಳನ್ನು ಅಲಮೇಲು ಹೇಳಿದ್ದನ್ನು ತಾನೇ ಬರೆದುಕೊಡುವ ಹೊಸ ಎಐ ಟೂಲಿಗೆ ಒಂದೇ ಒಂದು ವಾಕ್ಯ ಹೇಳಿ, ನಾಲ್ಕು ನಿಮಿಷದಲ್ಲಿ ಮಾಡಿಸಿದಳೆಂದು ಆಫೀಸೆಲ್ಲ ನಂಬಿದೆ. ಸುದ್ದಿ ಗುಂಡಣ್ಣನವರ ಕಿವಿಗೂ ಬಿದ್ದು, ಅವರಿಗೆ ಅದನ್ನು ಕಣ್ಣಾರೆ ನೋಡಬೇಕಾಗಿದೆ. ನಿಜ ಏನೆಂದರೆ, ಆ ಮೂರೂ ಪರದೆಗಳನ್ನು ಅವಳು ಶನಿವಾರ ಮನೆಯಲ್ಲಿ ಕೂತು ಹನ್ನೊಂದು ಗಂಟೆ ಕೈಯಾರೆ ಬರೆದಿದ್ದಳು. ಊರೆಲ್ಲ ಯಂತ್ರ ಮಾಡಿದ್ದನ್ನು ತಾವು ಮಾಡಿದ್ದು ಎಂದು ಹೇಳಿಕೊಂಡು ತಿರುಗುತ್ತಿರುವಾಗ, ಈ ಮಹಾತಾಯಿ ತಾನು ಮಾಡಿದ್ದನ್ನು ಯಂತ್ರ ಮಾಡಿತೆಂದು ಹೇಳಿ ಕೂತಿದ್ದಳು.

ಸುಳ್ಳು ಹೇಳಬೇಕೆಂದೇನೂ ಅವಳು ಹೊರಟಿರಲಿಲ್ಲ. ಶುಕ್ರವಾರ ಸಂಜೆ ವಿಜಯಲಕ್ಷ್ಮಿ, ಆಫೀಸಿನ ಒಡತಿ, ಅಲಮೇಲುವಿಗಿಂತ ಒಂಬತ್ತು ವರ್ಷ ಚಿಕ್ಕವಳು, ಎಲ್ಲರನ್ನೂ ನಿಲ್ಲಿಸಿ, "ಸೋಮವಾರದಿಂದ ಎಲ್ರೂ ಹೊಸ ಟೂಲಲ್ಲೇ ಮಾಡ್ಬೇಕು. ಕೈಯಲ್ಲಿ ಎಳೆಯೋದು ಸಾಕು" ಎಂದಿದ್ದಳು. ಶನಿವಾರ ತಿಂಡಿ ಮುಗಿಸಿ ಅಲಮೇಲು ಭಕ್ತಿಯಿಂದಲೇ ಲ್ಯಾಪ್‌ಟಾಪ್ ತೆರೆದಳು. ಬಿಳೀ ಪರದೆಯ ನಡುವೆ ಒಂದು ಉದ್ದನೆಯ ಪೆಟ್ಟಿಗೆ, ಅದರಲ್ಲಿ ಮಿಣುಕುವ ಒಂದು ಗೆರೆ. ನಿಮಗೇನು ಬೇಕು, ಹೇಳಿ ಎಂದು ಕೇಳುತ್ತಿತ್ತು. ಅವಳು ಕೈಕಟ್ಟಿ ಕೂತಳು. ತನಗೇನು ಬೇಕೆಂದು ಇಷ್ಟು ವರ್ಷದಲ್ಲಿ ಯಾರೂ ಅವಳನ್ನು ಹೀಗೆ ನೇರವಾಗಿ ಕೇಳಿರಲಿಲ್ಲ. ಅದು ಅವಳ ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಏನೋ ಒಂದು ಬರೆದಳು. ನೇರಳೆ ಬಣ್ಣದ, ಥಳಥಳ ಹೊಳೆಯುವ ಪರದೆ ಬಂತು. ಇನ್ನೊಂದು ಬರೆದಳು, ಮತ್ತದೇ ನೇರಳೆ. ಛೇ, ಈ ಮೂಲೆ ಹೀಗಲ್ಲ ಎಂದು ಪಕ್ಕದಲ್ಲಿ ಖಾಲಿ ಜಾಗ ಮಾಡಿಕೊಂಡು ಒಂದೇ ಒಂದು ಮೂಲೆಯನ್ನು ತಾನೇ ಬರೆದಳು, ತೋರಿಸಿಕೊಡುವವಳ ಹಾಗೆ. ಆಮೇಲೆ ಅದರ ಪಕ್ಕದ್ದು. ಕಾಲು ಕೆಜಿ, ಅರ್ಧ ಕೆಜಿ ಎಂಬ ಬಟನ್ನು ಎಷ್ಟು ದಪ್ಪವಿದ್ದರೆ ವಯಸ್ಸಾದವರ ಹೆಬ್ಬೆರಳಿಗೆ ಸಿಗುತ್ತದೆಂದು ತನ್ನ ಹೆಬ್ಬೆರಳನ್ನು ಪರದೆಗೆ ಒತ್ತಿ ಒತ್ತಿ ನೋಡಿದಳು. ಇವತ್ತು ಕರಿದದ್ದು ಯಾವುದು, ನಿನ್ನೆಯದು ಯಾವುದು ಎಂದು ಗೊತ್ತಾಗಲು ಒಂದು ಸಣ್ಣ ಪಟ್ಟಿ ಎಳೆದಳು. ದೋಸೆ ಹಿಟ್ಟು ಉಬ್ಬಿ ಪಾತ್ರೆಯಿಂದ ಆಚೆ ಹರಿದು ಕಟ್ಟೆಯೆಲ್ಲ ಆಗಿದ್ದನ್ನು ಗಂಡ ಬಂದು ಹೇಳಿದಾಗ ಸಂಜೆಯಾಗಿತ್ತು. ಅಷ್ಟು ಖುಷಿಯಾಗಿ ಅವಳು ಎಷ್ಟೋ ತಿಂಗಳಿಂದ ಇರಲಿಲ್ಲ.

ಸಾರಕ್ಕಿ ಹತ್ತಿರ ಟ್ರಾಫಿಕ್ಕು ಮತ್ತೆ ನಿಂತಿತು. ಅವಳ ಬಲಗೈ ಆಕ್ಸಿಲರೇಟರಿನ ಮೇಲೆ ಸುಮ್ಮನೆ ಕೂತಿತ್ತು. ಪಾಪ, ಈ ಕೈ ಎಷ್ಟು ಸಲ ಹೊಸದಾಗಿ ಅಕ್ಷರಾಭ್ಯಾಸ ಮಾಡಿಲ್ಲ! ಮೊದಲು ಫೋಟೊಶಾಪು. ಮೂಲೆ ದುಂಡಗಿರುವ ಒಂದು ಬಟನ್ನಿಗೆ ನಾಲ್ಕು ಮೂಲೆಯನ್ನೂ ಬೇರೆಬೇರೆಯಾಗಿ ಕತ್ತರಿಸಿ ಕೊಡಬೇಕು, ಇಂಜಿನಿಯರು ಅದನ್ನು ಬಚ್ಚಲುಮನೆ ಟೈಲ್ಸಿನಂತೆ ಜೋಡಿಸಬೇಕು. ಗಿರಾಕಿ "ಸ್ವಲ್ಪ ಎಡಕ್ಕೆ" ಎಂದರೆ ಮುಗಿಯಿತು, ನಲವತ್ತು ಫೈಲು ತೆಗೆದು ನಲವತ್ತರಲ್ಲೂ ಸ್ವಲ್ಪ ಎಡಕ್ಕೆ. ಆಮೇಲೆ ಫೈರ್‌ವರ್ಕ್ಸು ಎಂಬ ಸಾಫ್ಟ್‌ವೇರು. ಅದರ ಮೇಲೆ ಅವಳಿಗೆ ಜೀವ. ಇನ್ನು ಮುಂದೆ ಅದನ್ನು ಬೆಳೆಸುವುದಿಲ್ಲ ಎಂದು ಕಂಪನಿಯವರು ಹೇಳಿದ ದಿನ ಅವಳು ಅಡುಗೆಮನೆಯಲ್ಲಿ ಮುಖ ಬಾಡಿಸಿಕೊಂಡು ನಿಂತಿದ್ದಳು. ಗಂಡ, "ಸಾಫ್ಟ್‌ವೇರಿಗೆಲ್ಲ ಸೂತಕ ಇಲ್ಲ ಕಣೇ, ಕಾಫಿ ಕೊಡು" ಎಂದಿದ್ದ. ಆಮೇಲೆ ಸ್ಕೆಚ್, ಅದು ಮ್ಯಾಕಿನಲ್ಲಿ ಮಾತ್ರ ನಡೆಯುತ್ತಿತ್ತು. ಆಫೀಸಿನಲ್ಲಿದ್ದ ಒಂದೇ ಒಂದು ಮ್ಯಾಕಿಗೆ ನಲ್ಲಿಯ ಮುಂದೆ ನಿಂತ ಹಾಗೆ ಸರದಿ. ಆಮೇಲೆ ಬ್ರೌಸರಿನೊಳಗೇ ಇರುವ ಫಿಗ್ಮಾ. ಅಲ್ಲಿ ಒಬ್ಬರ ಫೈಲಿನಲ್ಲಿ ಎಲ್ಲರೂ ಇರಬಹುದು, ಪ್ರತಿಯೊಬ್ಬರಿಗೂ ಹೆಸರು ಕಟ್ಟಿದ ಒಂದು ಬಾಣ. ಮೊದಲ ದಿನ ಅಲಮೇಲು ಎಂದು ಬರೆದುಕೊಂಡ ತನ್ನ ಬಾಣದ ಪಕ್ಕಕ್ಕೆ ಇನ್ಯಾರದೋ ಬಾಣ ಬಂದು ಸುಮ್ಮನೆ ನಿಂತಾಗ ಅವಳು ಮೌಸಿನಿಂದ ಕೈ ತೆಗೆದು ದುಪಟ್ಟಾ ಸರಿಮಾಡಿಕೊಂಡಿದ್ದಳು. ಅದೇ ಕಾಲದಲ್ಲಿ ಒಂದು ಇಂಟರ್‌ವ್ಯೂನಲ್ಲಿ ಮೀಸೆ ಕೂಡ ಸರಿಯಾಗಿ ಮೂಡದ ಹುಡುಗ, "ಆಟೊ ಲೇಔಟ್ ಎಲ್ಲ ಬರುತ್ತಾ ಆಂಟಿ?" ಎಂದು ಕೇಳಿ, ನಾಲಿಗೆ ಕಚ್ಚಿಕೊಂಡು, "ಸಾರಿ, ಮೇಡಂ" ಎಂದಿದ್ದ. ಆ ಸಾರಿ ಆಂಟಿಗಿಂತ ಹೆಚ್ಚು ಚುಚ್ಚಿತ್ತು. ಬರುತ್ತೆ ಎಂದು ತಲೆ ಎತ್ತಿ ಹೇಳಿ, ಮನೆಗೆ ಬಂದು, ಪೆಟ್ಟಿಗೆಗಳು ತಾವೇ ಜೋಡಿಕೊಳ್ಳುವ ಆ ವಿದ್ಯೆಯನ್ನು ಎರಡು ದಿನದಲ್ಲಿ ಕಲಿತಿದ್ದಳು. ಪ್ರತಿ ಸಲವೂ ಹಾಗೇ. ಮೊದಲು ಬರುತ್ತೆ ಅನ್ನುವುದು, ಆಮೇಲೆ ಕಲಿಯುವುದು. ಈ ಸಲ ಮಾತ್ರ ಕಲಿಯಲು ಕೈಗೆ ಏನೂ ಕೆಲಸವೇ ಇರಲಿಲ್ಲ. ಹಿಂದಿನ ವಾಹನಗಳೆಲ್ಲ ಒಟ್ಟಿಗೆ ಹಾರ್ನ್ ಬಾರಿಸಿದವು. ಸಿಗ್ನಲ್ಲು ಬಿಟ್ಟು ಎಷ್ಟೋ ಹೊತ್ತಾಗಿತ್ತು.

ಸೋಮವಾರ ಬೆಳಿಗ್ಗೆ ವಿಜಯಲಕ್ಷ್ಮಿ ಅವಳ ಕುರ್ಚಿಯ ಹಿಂದೆ ನಿಂತು ಪರದೆಗಳನ್ನು ನೋಡಿ, "ಅಯ್ಯೋ! ಅಲಮೇಲು, ಸಖತ್ತಾಗಿದೆ! ಎಷ್ಟು ಹೊತ್ತಲ್ಲಿ ಬಂತು?" ಎಂದಳು. ಹನ್ನೊಂದು ಗಂಟೆ ಎಂದರೆ ಮುದುಕಿಯಾದೆ ಎಂದು ಹೇಳಿದಂತೆ. ಬಾಯಿ ತಾನೇ ತಾನಾಗಿ "ನಾಲ್ಕು ನಿಮಿಷ" ಎಂದಿತು. ಯಾಕೆ ನಾಲ್ಕು, ಯಾಕೆ ಐದಲ್ಲ? ಅವಳಿಗೇ ಗೊತ್ತಿಲ್ಲ. "ಏನಂತ ಟೈಪ್ ಮಾಡಿದ್ರಿ?" ಎಂದರೆ, ಅದಕ್ಕೂ ಅಲ್ಲೇ ನಿಂತ ನಿಲುವಿನಲ್ಲಿ ಒಂದು ವಾಕ್ಯ ಹುಟ್ಟಿತು. ಹಳೆಯ ಬೆಂಗಳೂರಿನ ಕುರುಕಲು ತಿಂಡಿಯ ಅಂಗಡಿ, ಹಿರಿಯರ ಕೈಗೂ ಸಿಗುವಂತೆ, ಗಡಿಬಿಡಿ ಇಲ್ಲದಂತೆ. ಇದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ವಿಜಯಲಕ್ಷ್ಮಿ ಆ ವಾಕ್ಯವನ್ನು ದಪ್ಪಕ್ಷರದಲ್ಲಿ ಪ್ರಿಂಟ್ ತೆಗೆಸಿ, ಕೆಳಗೆ ಅಲಮೇಲುವಿನ ಹೆಸರು ಹಾಕಿಸಿ, ನೀರಿನ ಫಿಲ್ಟರಿನ ಮೇಲೆ ಗೋಡೆಗೆ ಅಂಟಿಸಿಯಾಗಿತ್ತು. ನೀರು ಕುಡಿಯಲು ಬಂದವರೆಲ್ಲ ಸುಳ್ಳು ಓದಿಕೊಂಡು ಹೋಗುತ್ತಿದ್ದರು. ಅಲ್ಲಿಯವರೆಗೂ ಅದು ತಮಾಷೆಯೇ. ನಿನ್ನೆ ಬುಧವಾರ ವಿಜಯಲಕ್ಷ್ಮಿ ಅವಳನ್ನು ಒಳಗೆ ಕರೆದು, ಬಾಗಿಲು ಹಾಕಿ, "ನೀವೊಬ್ರು, ಟೂಲ್ ಒಂದು. ಇನ್ನು ಐದು ಜನ ಯಾಕೆ ಹೇಳಿ? ನಾಳೆ ಡೆಮೊ ಚೆನ್ನಾಗಾದ್ರೆ ಈ ತಿಂಗಳ ಕೊನೆಗೆ ಇಂಚರನ ಕಳಿಸ್ಬಿಡೋಣ ಅಂತಿದೀನಿ. ಅವಳಿಗೆ ಟೂಲ್ ಹತ್ತಲೇ ಇಲ್ಲ. ನೀವೇನೂ ಹೇಳ್ಬೇಡಿ" ಎಂದಳು. ತಾನು ತಲೆಯಾಡಿಸಿದೆನೋ ಇಲ್ಲವೋ ಎಂದು ಅಲಮೇಲು ರಾತ್ರಿಯೆಲ್ಲ ನೆನಪು ಮಾಡಿಕೊಂಡಳು. ಆಡಿಸಿದ್ದಳು.

ಅಲಮೇಲು ಆಫೀಸು ಮುಟ್ಟಿದಾಗ ಪ್ಯಾಂಟ್ರಿಯಲ್ಲಿ ಇಂಚರ ಕಾಫಿ ಮಿಷಿನ್ನಿಗೆ ಒರಗಿ ನಿಂತಿದ್ದಳು. ಇಪ್ಪತ್ತನಾಲ್ಕರ ಹುಡುಗಿ, ತ್ಯಾಗರಾಜನಗರದವಳು, ಜೋರು ಬಾಯಿ, ಆಫೀಸಿಗೆ ಸೇರಿದ ಮೊದಲ ವಾರವೇ ಎಲ್ಲರಿಗೂ ಅಡ್ಡಹೆಸರಿಟ್ಟಿದ್ದವಳು. ಇವತ್ತು ಕಣ್ಣು ಊದಿಕೊಂಡಿತ್ತು. "ಗುಡ್ ಮಾರ್ನಿಂಗ್ ಮೇಡಂ. ಇವತ್ತು ನಿಮ್ಮ ಶೋ" ಎಂದು ನಗಲು ನೋಡಿದಳು.

"ಏನಾಯ್ತೇ, ನೆಗಡಿನಾ?"

"ನೆಗಡಿ ಅಂತ ಇಟ್ಕೊಳ್ಳಿ. ಮೇಡಂ, ಒಂದು ಕೇಳ್ಲಾ? ಬೇಜಾರ್ ಮಾಡ್ಕೋಬೇಡಿ. ಗೋಡೆ ಮೇಲಿರೋದನ್ನ ಅಕ್ಷರ ಬಿಡದೆ ಟೈಪ್ ಮಾಡ್ತಿದೀನಿ. ನಿಮಗೆ ಬಂದಿದ್ದು ನನಗೆ ಯಾಕೆ ಬರಲ್ಲ? ನಂಗೆ ಈ ಕೆಲಸ ಆಗಿ ಬರಲ್ಲ ಅನ್ಸುತ್ತೆ. ಅಮ್ಮಂಗೂ ಹೇಳ್ದೆ. ಬಿ.ಎಡ್ ಮಾಡು ಅಂತಿದಾರೆ."

ಅಲಮೇಲು ಬಾಗಿಲ ಕಡೆ ನೋಡಿದಳು. ಹೇಳಿಬಿಡು, ಈಗಲೇ, ಇಲ್ಲೇ, ಮಿಷಿನ್ನು ಗೊರಗೊರ ಅನ್ನುತ್ತಿದೆ, ಯಾರಿಗೂ ಕೇಳುವುದಿಲ್ಲ. ಹೇಳಿದರೆ ಇವಳ ಕೆಲಸ ಉಳಿಯುತ್ತದೆ, ತನ್ನದು ಹೋಗುತ್ತದೆ. ನಲವತ್ತೇಳಕ್ಕೆ ಇನ್ಯಾವ ಹುಡುಗನ ಮುಂದೆ ಹೋಗಿ ಕೂತು ಬರುತ್ತೆ ಎನ್ನುವುದು? "ಬಿ.ಎಡ್ ಬೇಡ ಕಣೇ" ಎಂದಳು, ಎಂಥದೋ ದೊಡ್ಡ ಮಾತು ಹೇಳಿದವಳಂತೆ. ಅಷ್ಟರಲ್ಲಿ ಹೊರಗೆ ಲಿಫ್ಟಿನ ಬಾಗಿಲು ತೆರೆದು, "ಏನಮ್ಮಾ, ಆ ನಾಲ್ಕು ನಿಮಿಷದವ್ರು ಎಲ್ಲಿ?" ಎನ್ನುವ ಗಡಸು ದನಿ ಕೇಳಿತು. ಗುಂಡಣ್ಣನವರು ಅರ್ಧ ಗಂಟೆ ಮೊದಲೇ ಬಂದಿದ್ದರು.

ಗುಂಡಣ್ಣನವರದು ಬಿಳೀ ಅಂಗಿ, ಬಿಳೀ ಪಂಚೆ, ಕೈಯಲ್ಲಿ ಎಣ್ಣೆ ಇಂಗಿದ ಕಾಗದದ ಪೊಟ್ಟಣ. ಮೀಟಿಂಗ್ ರೂಮಿನ ಮೇಜಿನ ಮೇಲೆ ಅದನ್ನು ಬಿಚ್ಚಿಟ್ಟು, "ತಿನ್ಕೊಂಡು ಮಾಡಿ, ತಿನ್ಕೊಂಡು ಮಾಡಿ" ಎಂದರು. ಖಾರದ ಕೋಡುಬಳೆ. ವಿಜಯಲಕ್ಷ್ಮಿ, ಇಂಚರ, ಇನ್ನಿಬ್ಬರು ಸಾಲಾಗಿ ಕೂತರು. ಗೋಡೆಯಗಲದ ಟೀವಿಯ ಮೇಲೆ ಆ ಬಿಳೀ ಪೆಟ್ಟಿಗೆ, ಆ ಮಿಣುಕುವ ಗೆರೆ. ಅಲಮೇಲು ಗೋಡೆ ಮೇಲಿನ ಆ ವಾಕ್ಯವನ್ನೇ ಟೈಪ್ ಮಾಡಿದಳು. ಯಾರು ಕಂಡಿದ್ದಾರೆ, ಬಂದರೂ ಬಂದೀತು! ಒಂದು ಚಕ್ರ ತಿರುಗಿತು, ಎಲ್ಲರೂ ಕೋಡುಬಳೆ ಕಡಿಯುವುದನ್ನು ನಿಲ್ಲಿಸಿದರು. ಪರದೆ ಬಂತು. ನೇರಳೆ. ನಡುವೆ ಒಂದು ದೊಡ್ಡ ಬರ್ಗರಿನ ಚಿತ್ರ.

"ಇದು ನಮ್ದಲ್ವಲ್ಲ" ಎಂದರು ಗುಂಡಣ್ಣ.

"ಒಂದೊಂದ್ಸಲ ಹಾಗಾಗುತ್ತೆ ಸಾರ್. ಇನ್ನೊಂದ್ಸಲ ಕೊಡಿ ಅಲಮೇಲು" ಎಂದಳು ವಿಜಯಲಕ್ಷ್ಮಿ. ಕೊಟ್ಟಳು. ಬರ್ಗರು ಹೋಗಿ ಪಿಜ್ಜಾ ಬಂತು. ಇನ್ನೊಮ್ಮೆ ಕೊಟ್ಟಳು. ತಿಂಡಿ ಸರಿಹೋಯಿತು, ಅದನ್ನು ಹಿಡಿದು ನಗುತ್ತಿರುವ ಹಿರಿಯರ ಜೋಡಿಯೊಂದು ಬಂತು, ಆ ಅಜ್ಜನ ಕೈಗೆ ಆರು ಬೆರಳಿತ್ತು. "ಹಿರಿಯರ ಕೈಗೆ ಸಿಗ್ಲಿ ಅಂದ್ರಿ, ಒಂದು ಬೆರಳು ಜಾಸ್ತಿನೇ ಕೊಟ್ಟಿದೆ" ಎಂದು ಗುಂಡಣ್ಣ ತಲೆದೂಗಿದರು. ಯಾರೋ ಕಿಸಕ್ಕೆಂದರು. ಅಲಮೇಲುವಿಗೆ ತಡೆಯಲಾಗಲಿಲ್ಲ, ದುಪಟ್ಟಾ ಬಾಯಿಗೆ ಒತ್ತಿಕೊಂಡಳು. ವಿಜಯಲಕ್ಷ್ಮಿಯ ಮುಖ ಕೆಂಪಗಾಗಿತ್ತು. ಅವಳು ಥಟ್ಟನೆ ತಿರುಗಿ, "ಇಂಚರ, ನಿನ್ನೆ ಈ ಅಕೌಂಟಲ್ಲಿ ನೀನೇ ತಾನೇ ಏನೇನೋ ಒತ್ತುತಿದ್ದಿದ್ದು? ಸೆಟ್ಟಿಂಗ್ ಎಲ್ಲ ಕೆಡಿಸಿಟ್ಟಿದೀಯ ನೋಡು" ಎಂದಳು.

ಆ ಜೋರು ಬಾಯಿಯ ಹುಡುಗಿ, "ಇರ್ಬೋದು ಮೇಡಂ, ಸಾರಿ" ಎಂದು ತಲೆ ತಗ್ಗಿಸಿದಳು.

ಅಲಮೇಲು ಒಂದು ಕ್ಷಣ, ಒಂದೇ ಒಂದು ಕ್ಷಣ, ಹಾಯಾಗಿ ಉಸಿರು ಬಿಟ್ಟಳು. ಸೆಟ್ಟಿಂಗ್ ಕೆಟ್ಟಿದೆ! ಎಷ್ಟು ಸುಲಭ, ಎಷ್ಟು ಚೆಂದ, ಯಾರೂ ಏನೂ ಕೇಳುವುದಿಲ್ಲ, ಸಂಜೆ ಮನೆಗೆ ಹೋಗಿ ಹುಳಿ ಮಾಡಬಹುದು. ತಾನು ಹಾಗೆ ಉಸಿರು ಬಿಟ್ಟದ್ದು ತನಗೇ ಕೇಳಿಸಿತು. ಥೂ ನಿನ್ನ, ಎಂದು ಯಾರೋ ಒಳಗಿನಿಂದ ಬೈದಂತಾಗಿ ಎದ್ದು ನಿಂತಳು. "ಸೆಟ್ಟಿಂಗ್ ಏನೂ ಕೆಟ್ಟಿಲ್ಲ. ಆ ಮೂರು ಸ್ಕ್ರೀನ್ ಇದು ಮಾಡಿದ್ದಲ್ಲ. ನಾನು ಮಾಡಿದ್ದು. ಶನಿವಾರ, ಮನೇಲಿ, ಕೈಯಲ್ಲಿ. ಹನ್ನೊಂದು ಗಂಟೆ ಹಿಡೀತು. ಗೋಡೆ ಮೇಲಿರೋ ಆ ವಾಕ್ಯ ಸೋಮವಾರ ನಿಂತಲ್ಲೇ ಹುಟ್ಟಿದ್ದು, ಅದನ್ನ ನಾನು ಇವತ್ತಿನವರೆಗೂ ಟೈಪೇ ಮಾಡಿರ್ಲಿಲ್ಲ" ಎಂದಳು. ಹೇಳಿ ಮುಗಿಸಿದಾಗ ಮುಖದ ತುಂಬ ನಗು.

ಗುಂಡಣ್ಣನವರು ಕೋಡುಬಳೆಯ ಚೂರನ್ನು ಕೆಳಗಿಟ್ಟು ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಅಂದ್ರೆ ಕೈಯಲ್ಲಿ ಮಾಡಿದ್ದನ್ನ ಮಿಷಿನ್‌ದು ಅಂದ್ರಾ?"

"ಹೂಂ ಸಾರ್."

"ಅಲ್ಲಮ್ಮಾ, ನಾನು ಹನ್ನೆರಡು ವರ್ಷದಿಂದ ಮಿಷಿನ್ನಲ್ಲಿ ಒತ್ಸಿದ ಚಕ್ಲಿನ ಕೈಯಲ್ಲಿ ಸುತ್ತಿದ್ದು ಅಂತ ಬೋರ್ಡ್ ಹಾಕ್ಕೊಂಡು ಮಾರ್ತಿದೀನಿ! ನೀವು ಉಲ್ಟಾ ಮಾಡ್ಕೊಂಡು ಕೂತಿದೀರಲ್ಲಮ್ಮಾ!" ಎಂದವರೇ ಗಹಗಹಿಸಿ ನಗತೊಡಗಿದರು. ಮೇಜು ಕುಟ್ಟಿ ಕುಟ್ಟಿ ನಕ್ಕರು, ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡು ಮತ್ತೆ ನಕ್ಕರು, "ಯಾರ್ಗೂ ಹೇಳ್ಬೇಡಿ ಮತ್ತೆ" ಎಂದು ಬೆರಳು ಆಡಿಸಿ ಮತ್ತೂ ನಕ್ಕರು. ಕೋಣೆಯೇ ಕುಲುಕಾಡಿತು. ಅಲಮೇಲು ಕುರ್ಚಿಯ ಬೆನ್ನು ಹಿಡಿದುಕೊಂಡು ಹೊಟ್ಟೆ ನೋಯುವಷ್ಟು ನಕ್ಕಳು. ಕಣ್ಣಲ್ಲಿ ನೀರು ಬಂತು, ಯಾವುದಕ್ಕೆ ಎಂದು ಕೇಳಿದರೆ ಹೇಳಲಾರಳು. ವಿಜಯಲಕ್ಷ್ಮಿ ಮಾತ್ರ ಜಾಣೆ, ನಗುತ್ತಲೇ ಸುಧಾರಿಸಿಕೊಂಡು, "ಸಾರ್, ನಿಮಗೆ ಕೈದೇ ಬೇಕು ಅಂದ್ರೆ ಕೈದೇ ಮಾಡ್ಸೋಣ. ಇಂಚರನೂ ಸೇರಿ ಐದು ಜನಾನೂ ಇದರ ಮೇಲೇ ಕೂರ್ತಾರೆ" ಎಂದಳು. ಗುಂಡಣ್ಣ, "ಕೈದೇ ಇರ್ಲಿ. ಆ ಕಾಲು ಕೆಜಿ ಬಟನ್ ಒಂದು ಚೂರೂ ಅಲ್ಲಾಡ್ಬಾರ್ದು" ಎಂದು ಎದ್ದರು. ವಿಜಯಲಕ್ಷ್ಮಿ ಅವರನ್ನು ಲಿಫ್ಟಿನವರೆಗೆ ಬಿಡಲು ಹೋಗುತ್ತ ಅಲಮೇಲುವಿನ ಕಿವಿಯ ಹತ್ತಿರ, "ನಿಮ್ಮ ಹತ್ರ ಆಮೇಲೆ ಮಾತಾಡ್ತೀನಿ" ಎಂದಳು. ಆಡಲಿ, ಎಷ್ಟು ಬೇಕಾದರೂ ಆಡಲಿ. ಅಲಮೇಲುವಿಗೆ ಆ ಹೊತ್ತಿನಲ್ಲಿ ಹಾರಲು ಹೇಳಿದ್ದರೂ ಹಾರುತ್ತಿದ್ದಳು.

ಇಂಚರ ಯಾವಾಗ ಎದ್ದು ಹೋದಳೆಂದು ಅವಳು ಗಮನಿಸಿರಲಿಲ್ಲ. ಹುಡುಗಿ ತನ್ನ ಜಾಗದಲ್ಲಿ ನೆಟ್ಟಗೆ ಕೂತಿದ್ದಳು. ಅಲಮೇಲು ಹೆಚ್ಚುಕಮ್ಮಿ ಓಡುತ್ತಲೇ ಹೋಗಿ, "ಕೇಳಿದ್ಯೇನೇ? ಬಿ.ಎಡ್ಡೂ ಇಲ್ಲ, ಏನೂ ಇಲ್ಲ! ನಿನ್ನ ತಪ್ಪು ಏನೂ ಇರ್ಲಿಲ್ಲ ಕಣೇ!" ಎಂದಳು. ಅವಳು ಎದ್ದು ತಬ್ಬಿಕೊಳ್ಳುತ್ತಾಳೆಂದೇ ಒಳಗೊಳಗೆ ಕಾಯುತ್ತಿದ್ದಳು.

ಇಂಚರ ತಿರುಗಲಿಲ್ಲ. "ಮಂಗಳವಾರ ನೀವು ನನ್ನ ಹಿಂದೆ ಬಂದು ನಿಂತಿದ್ರಿ ಮೇಡಂ. ನೆನಪಿದ್ಯಾ?"

"ಮಂಗಳವಾರಾನಾ?"

"ನಾನು ಬರ್ತಿಲ್ಲ ಅಂದೆ. ನೀವು ಕೋಸಂಬರಿ ತಿಂತಿದ್ರಿ. ‘ಬೆಚ್ಚಗೆ’ ಅನ್ನೋ ಪದ ಒಂದು ಸೇರ್ಸಿ ನೋಡು, ಬರುತ್ತೆ ಅಂತ ಹೇಳಿ ಹೋದ್ರಿ."

ಅಲಮೇಲುವಿಗೆ ನಿಜವಾಗಿಯೂ ನೆನಪಿರಲಿಲ್ಲ. ಡಬ್ಬಿ ನೆನಪಾಯಿತು, ಕೋಸಂಬರಿಯಲ್ಲಿ ಉಪ್ಪು ಮುಂದಾಗಿದ್ದು ನೆನಪಾಯಿತು. ಆಮೇಲೆ ಅದರ ಹಿಂದೆಯೇ ತನ್ನ ದನಿ ಬಂತು, ಬಾಯಿ ತುಂಬ ಕೋಸಂಬರಿ ಇಟ್ಟುಕೊಂಡು ಹೇಳಿದ ಆ ಬೆಚ್ಚಗೆ ಎಂಬ ಮಾತು, ಎಷ್ಟು ಸಲೀಸು, ಎಷ್ಟು ದೊಡ್ಡಸ್ತಿಕೆ.

"ಸೇರ್ಸ್ದೆ ಮೇಡಂ. ಬೆಚ್ಚಗೆ, ಇನ್ನೂ ಬೆಚ್ಚಗೆ, ತುಂಬಾ ಬೆಚ್ಚಗೆ. ಇನ್ನೂರ ಹದಿನಾಲ್ಕು ಸಲ. ಟೂಲು ಎಲ್ಲಾನೂ ಇಟ್ಕೊಂಡಿದೆ, ಬೇಕಾದ್ರೆ ನೋಡಿ" ಎಂದು ಇಂಚರ ಪರದೆಯನ್ನು ಅವಳ ಕಡೆ ತಿರುಗಿಸಿದಳು. ಕೆಳಗೆ, ಇನ್ನೂ ಕೆಳಗೆ ಇಳಿಯುತ್ತ ಹೋದಂತೆ ನೇರಳೆ ಪರದೆಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಅಲಮೇಲುವಿನ ಮುಖದ ಮೇಲೆ ಮೀಟಿಂಗ್ ರೂಮಿನ ನಗು ಇನ್ನೂ ಹಾಗೇ ಇತ್ತು. ಅದನ್ನು ತೆಗೆಯಲು ನೋಡಿದಳು, ಕೆನ್ನೆ ಕೇಳಲಿಲ್ಲ.

"ತಪ್ಪಾಯ್ತು ಕಣೇ ಇಂಚರ. ದೊಡ್ಡ ತಪ್ಪಾಯ್ತು."

"ತಪ್ಪು ಆಮೇಲೆ. ಮೊದ್ಲು ಕೂತ್ಕೊಳ್ಳಿ" ಎಂದಳು ಹುಡುಗಿ. ಕುರ್ಚಿಯ ಮೇಲಿದ್ದ ಬ್ಯಾಗನ್ನು ನೆಲಕ್ಕೆ ತಳ್ಳಿ, ಹೊಸ ಖಾಲಿ ಹಾಳೆಯೊಂದನ್ನು ತೆರೆದು, ಮೌಸನ್ನು ಅವಳ ಮುಂದೆ ನೂಕಿದಳು. "ಆ ಬಟನ್ ಮಾಡಿ. ಕಾಲು ಕೆಜಿದು. ನೀವೇ ಮಾಡಿದ್ದು ಅಂತ ನಾನು ಹೇಗೆ ನಂಬ್ಲಿ? ನೀವು ಹೇಳಿದ್ದೆಲ್ಲಾ ನಂಬಿದೋಳು ನಾನು."

ಅಲಮೇಲು ಕೂತಳು. ಇಪ್ಪತ್ತೈದು ವರ್ಷ ಬಟನ್ನು ಬರೆದ ಕೈ, ಆದರೂ ಮೊದಲನೆಯದು ಉದ್ದವಾಯಿತು. ಅಳಿಸಿದಳು. "ಒಂದು" ಎಂದಳು ಇಂಚರ, ಎರಡೂ ಕೈ ಕಟ್ಟಿಕೊಂಡು. ಎರಡನೆಯದರ ಮೂಲೆ ಚೂಪಾಯಿತು. "ಎರಡು." ಹುಡುಗಿಯ ದನಿಯಲ್ಲಿ ಕರುಣೆ ಇರಲಿಲ್ಲ, ಅಕ್ಕಪಕ್ಕದವರು ಕುರ್ಚಿ ತಿರುಗಿಸಿಕೊಂಡು ನೋಡತೊಡಗಿದ್ದರು. ಒಂಬತ್ತನೆಯದರ ಹೊತ್ತಿಗೆ ಅಲಮೇಲುವಿನ ನಗು ಎಲ್ಲಿ ಹೋಯಿತೋ ಹೋಗಿತ್ತು. ಹನ್ನೆರಡನೆಯದರ ಹೊತ್ತಿಗೆ ಅವಳು ಹೆಬ್ಬೆರಳನ್ನು ಪರದೆಗೆ ಒತ್ತಿ ಅಳತೆ ನೋಡುವುದನ್ನು ಇಂಚರ ಮುಂದಕ್ಕೆ ಬಾಗಿ ಗಮನಿಸಿದಳು, ಆದರೂ ಎಣಿಕೆ ಬಿಡಲಿಲ್ಲ. ಇನ್ನೂರ ಹದಿನಾಲ್ಕರವರೆಗೂ ಎಣಿಸುವ ಹಕ್ಕು ಆ ಹುಡುಗಿಗಿತ್ತು. ಅಲಮೇಲು ಹದಿನೇಳನೆಯದನ್ನು ಅಳಿಸಿದಳು.